ಹನ್ನೆರಡು ದೀಪಗಳಲ್ಲಿ ಒಂದು ನಾಟಕ: ಹವ್ಯಾಸಿ ತಂಡಗಳಿಗೆ ರಂಗಬೆಳಕಿನ ಕೈಪಿಡಿ

ಹವ್ಯಾಸಿ ತಂಡಗಳಲ್ಲಿ ಬೆಳಕಿನ ಕೆಲಸ ಸಾಮಾನ್ಯವಾಗಿ ಪಾತ್ರ ಸಿಗದವನ ಹೆಗಲಿಗೆ ಬೀಳುತ್ತದೆ. ಪ್ರದರ್ಶನಕ್ಕೆ ವಾರ ಉಳಿದಿರುವಾಗ ನಿರ್ದೇಶಕರು "ಲೈಟು ನೀನು ನೋಡಿಕೋ" ಎನ್ನುತ್ತಾರೆ. ಆತ ಶಾಮಿಯಾನದವರಿಗೆ ಫೋನ್ ಮಾಡುತ್ತಾನೆ. ಅವರು ಮದುವೆ ಮಂಟಪಕ್ಕೆ ಕಳಿಸುವ ಬಣ್ಣಬಣ್ಣದ ದೀಪಗಳನ್ನೇ ಇಲ್ಲಿಗೂ ಕಳಿಸುತ್ತಾರೆ. ನಾಟಕದ ದಿನ ವೇದಿಕೆ ಜಗಮಗಿಸುತ್ತದೆ, ನಟರ ಮುಖ ಮಾತ್ರ ಕಾಣುವುದಿಲ್ಲ.

ಈ ಬರಹ ಆ ಪಾತ್ರ ಸಿಗದವನಿಗಾಗಿ. ಊರಿನ ಒಂದು ಸಾಧಾರಣ ರಂಗಮಂದಿರವನ್ನು ಊಹಿಸಿಕೊಳ್ಳೋಣ: ವೇದಿಕೆ 24 ಅಡಿ ಅಗಲ, 16 ಅಡಿ ಆಳ. ಬಾಡಿಗೆಗೆ ಸಿಗುವುದು ಡಜನ್ ದೀಪ, ಸಭಾಂಗಣ ಕೈಗೆ ಸಿಗುವುದು ಪ್ರದರ್ಶನದ ದಿನ ಬೆಳಿಗ್ಗೆ. ಇಷ್ಟರಲ್ಲಿ ಒಳ್ಳೆಯ ಬೆಳಕು ಸಾಧ್ಯ. ಆದರೆ ಯೋಚಿಸುವ ಕ್ರಮ ಸರಿಯಿರಬೇಕು: ಮೊದಲು ಮುಖ, ಆಮೇಲೆ ಜಾಗ ಮತ್ತು ಹೊತ್ತು, ಬಣ್ಣ ಕಟ್ಟಕಡೆಗೆ. ನಾನು ನೋಡಿರುವ ಬಹುಪಾಲು ತಂಡಗಳು ಇದನ್ನು ತಲೆಕೆಳಗಾಗಿ ಮಾಡುತ್ತವೆ.

ತಾಲೀಮಿನ ಕೋಣೆಯಲ್ಲಿ ಶುರು

ನಾಟಕವನ್ನು ಎರಡು ಸಲ ಓದಿ. ಮೊದಲ ಓದಿನಲ್ಲಿ ಪೆನ್ಸಿಲ್ ಬೇಡ. ಎರಡನೆಯದರಲ್ಲಿ ಹೊತ್ತು, ಸ್ಥಳ, ಕಿಟಕಿ, ದೀಪ, ಬೆಂಕಿ, ಚಂದ್ರ ಎಂದು ಮಾತಿನಲ್ಲಿ ಬರುವುದನ್ನೆಲ್ಲ ಗುರುತು ಹಾಕಿಕೊಳ್ಳಿ. ಮಾತಿನಲ್ಲಿ ಬಂದದ್ದೆಲ್ಲ ಬೆಳಕಿನಲ್ಲೂ ಬರಲೇಬೇಕೆಂದಿಲ್ಲ. "ಎಂಥ ಬೆಳದಿಂಗಳು!" ಎಂದು ನಟ ಚೆನ್ನಾಗಿ ಹೇಳಿದರೆ ನೀಲಿ ದೀಪದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಆಮೇಲೆ ತಾಲೀಮಿಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ವೇದಿಕೆಯ ನಕ್ಷೆ ಬರೆದು, ಯಾವ ದೃಶ್ಯದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಕಡೆಯಿಂದ ಬರುತ್ತಾರೆ ಎಂದು ಚುಕ್ಕಿ ಇಡುತ್ತಾ ಹೋಗಿ. ನಾಟಕ ಮುಗಿಯುವ ಹೊತ್ತಿಗೆ ಕೆಲವು ಕಡೆ ಚುಕ್ಕಿಗಳು ದಟ್ಟವಾಗಿರುತ್ತವೆ, ಕೆಲವು ಮೂಲೆಗಳಿಗೆ ಯಾರೂ ಕಾಲಿಟ್ಟೇ ಇರುವುದಿಲ್ಲ. ಹನ್ನೆರಡೇ ದೀಪ ಇರುವವರಿಗೆ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಉಡುಪಿನ ಬಗ್ಗೆಯೂ ಈಗಲೇ ಕೇಳಿ. ಅಪ್ಪಟ ಬಿಳಿ ಪಂಚೆ, ಬಿಳಿ ಅಂಗಿ ಬೆಳಕಿನವನ ಪಾಲಿಗೆ ಕಿರಿಕಿರಿ. ಎದುರಿನ ದೀಪ ಬಿದ್ದ ಕೂಡಲೇ ಪಂಚೆ ಹೊಳೆಯುತ್ತದೆ, ಅದರ ಮೇಲಿರುವ ಕಂದು ಮುಖ ಮಂಕಾಗುತ್ತದೆ. ಮುಖಕ್ಕೆಂದು ದೀಪ ಏರಿಸಿದರೆ ಪಂಚೆ ಇನ್ನೂ ಹೊಳೆಯುತ್ತದೆ. ಪಂಚೆಯನ್ನು ತೆಳುವಾದ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಸಾಕು. ಪ್ರೇಕ್ಷಕರಿಗೆ ಅದು ಬಿಳಿಯಾಗಿಯೇ ಕಾಣುತ್ತದೆ, ಮುಖವೂ ಉಳಿಯುತ್ತದೆ.

ಸಭಾಂಗಣವನ್ನು ಅಳೆಯುವುದು

ಟೇಪು ಹಿಡಿದು ಒಂದು ದಿನ ಮುಂಚಿತವಾಗಿ ಹೋಗಿ. ವೇದಿಕೆಯ ಅಗಲ, ಆಳ, ನೆಲದಿಂದ ವೇದಿಕೆಯ ಎತ್ತರ, ಮೇಲೆ ದೀಪ ತೂಗುಹಾಕಲು ಕೊಳವೆ ಇದೆಯೇ, ಇದ್ದರೆ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಳ್ಳಿ. ರಂಗಭೂಮಿಯವರು ಈ ಕೊಳವೆಯನ್ನು 'ಬಾರ್' ಎನ್ನುತ್ತಾರೆ. ಪ್ರೇಕ್ಷಕರ ತಲೆಯ ಮೇಲೆ, ವೇದಿಕೆಯ ಮುಂದೆ ಒಂದು ಬಾರ್ ಇದ್ದರೆ ನಿಮ್ಮ ಅದೃಷ್ಟ. 1963ರಲ್ಲಿ ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ಚೌಕಟ್ಟಿನ ವೇದಿಕೆಯಲ್ಲಿ ಪ್ರೇಕ್ಷಕರು ಎದುರಿಗೆ ಮಾತ್ರ ಇರುತ್ತಾರೆ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ವೇದಿಕೆ ಮುಂದಕ್ಕೆ ಚಾಚಿದ್ದು, ಪ್ರೇಕ್ಷಕರು ಮೂರು ಕಡೆ ಕೂರುತ್ತಾರೆ. ಅಲ್ಲಿ 'ಎದುರಿನ ಬೆಳಕು' ಎಂದರೆ ಮೂರು ಕಡೆಯಿಂದ ಬರಬೇಕಾದ ಬೆಳಕು. ಒಂದು ಕಡೆ ಹೊಂದಿದ ನಕ್ಷೆ ಇನ್ನೊಂದು ಕಡೆ ನಡೆಯುವುದಿಲ್ಲ.

ಮುಂದಿನ ಬಾರ್ ಇಲ್ಲದ ಊರಿನ ಭವನಗಳಲ್ಲಿ ದೀಪಗಳನ್ನು ಎರಡು ಬದಿಯ ಸ್ಟ್ಯಾಂಡುಗಳ ಮೇಲೆ ನಿಲ್ಲಿಸುವುದು ರೂಢಿ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಸಭಾಂಗಣದ ನೆಲದಿಂದ 10 ಅಡಿ ಎತ್ತರದ ಸ್ಟ್ಯಾಂಡು. ವೇದಿಕೆಯೇ ಮೂರೂವರೆ ಅಡಿ ಎತ್ತರ. ನಟನ ಮುಖ ಅದರ ಮೇಲೆ 5 ಅಡಿ. ಅಂದರೆ ದೀಪ ಮುಖಕ್ಕಿಂತ ಒಂದೂವರೆ ಅಡಿಯಷ್ಟೇ ಮೇಲಿದೆ. ಬೆಳಕು ಮುಖಕ್ಕೆ ನೇರವಾಗಿ ಬಡಿದು ಮೂಗು, ಕೆನ್ನೆ ಎಲ್ಲ ಚಪ್ಪಟೆಯಾಗುತ್ತವೆ, ನೆರಳು ಹಿಂದಿನ ಪರದೆಯ ಮೇಲೆ ದೆವ್ವದಂತೆ ಓಡಾಡುತ್ತದೆ. ಪರಿಹಾರ ಎರಡು. ಸ್ಟ್ಯಾಂಡನ್ನು ಆದಷ್ಟು ಎತ್ತರಿಸಿ, ಬದಿಗೆ ಸರಿಸಿ. ಆಗ ನೆರಳು ಪರದೆಯ ಬದಲು ವಿಂಗಿನ, ಅಂದರೆ ವೇದಿಕೆಯ ಪಕ್ಕದ ಮರೆಯ, ಕಡೆ ಬೀಳುತ್ತದೆ. ಎರಡನೆಯದಾಗಿ, ನಟರನ್ನು ಪರದೆಯಿಂದ ಐದಾರು ಅಡಿ ಮುಂದೆ ತರುವಂತೆ ನಿರ್ದೇಶಕರನ್ನು ಒಪ್ಪಿಸಿ. ಎರಡನೆಯ ಕೆಲಸ ಹೆಚ್ಚು ಕಷ್ಟ.

ಕರೆಂಟಿನ ಲೆಕ್ಕ

ಬೇಸರದ ವಿಷಯ, ಆದರೆ ಬಿಡುವಂತಿಲ್ಲ. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1000 ವ್ಯಾಟಿನ ಒಂದು ಹ್ಯಾಲೊಜೆನ್ ದೀಪ ಸುಮಾರು 4.35 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಒಂದು ಸಾಕೆಟ್ಟಿಗೆ ಅಂಥ ಮೂರು ದೀಪ, ಅಷ್ಟೇ. 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಒಂದು. ನಾಲ್ಕು ಸಾಕೆಟ್ ಇದ್ದರೂ ಅವೆಲ್ಲ ಒಂದೇ ಎಂಸಿಬಿಯಿಂದ (ಹೊರೆ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್) ಬಂದಿದ್ದರೆ ಅವು ಲೆಕ್ಕಕ್ಕೆ ಒಂದೇ ಸಾಕೆಟ್. ಬೋರ್ಡು ತೆರೆಸಿ ನೋಡಿ.

ಉದ್ದದ ಕೇಬಲ್ಲನ್ನು ಸುತ್ತಿದ ಹಾಗೆಯೇ ಬಿಟ್ಟು ಬಳಸಬೇಡಿ. ಸುರುಳಿಯೊಳಗೆ ಬಿಸಿ ಹೊರಹೋಗದೆ ಮೇಲಿನ ಹೊದಿಕೆ ಕರಗುತ್ತದೆ. ಮೂರು ಫೇಸ್ ಇರುವ ಕಡೆ ಎರಡು ಫೇಸ್‌ಗಳ ನಡುವೆ 400 ವೋಲ್ಟಿಗೂ ಹೆಚ್ಚಿರುತ್ತದೆ. ಆದ್ದರಿಂದ ಕೈಗೆ ಒಟ್ಟಿಗೆ ಸಿಗುವ ಒಂದೇ ಬಾರಿನ ದೀಪಗಳೆಲ್ಲ ಒಂದೇ ಫೇಸ್‌ನಲ್ಲಿರಲಿ. ಜನರೇಟರ್ ಬಾಡಿಗೆಗೆ ತಂದರೆ ನ್ಯೂಟ್ರಲ್ ಗಟ್ಟಿಯಾಗಿ ಬಿಗಿದಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಅದು ಸಡಿಲವಾದರೆ ಕೆಲವು ದೀಪಗಳಿಗೆ 230ಕ್ಕಿಂತ ಬಹಳ ಹೆಚ್ಚು ವೋಲ್ಟ್ ನುಗ್ಗಿ ಬೆಳಕು ಏರಿಳಿಸುವ ಡಿಮ್ಮರ್ ಸಮೇತ ಸುಟ್ಟುಹೋಗುತ್ತದೆ. ದೀಪಗಳ ಮೈಯೆಲ್ಲ ಲೋಹ. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಅವನ್ನು ಸಿಕ್ಕಿಸಬೇಡಿ. ಬೋರ್ಡಿನಿಂದ ನೇರ ಸಂಪರ್ಕ ಎಳೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದು, ತಂಡದ ಉತ್ಸಾಹಿಯದ್ದಲ್ಲ.

ದೀಪಗಳನ್ನು ಗುರುತಿಸುವುದು

ಬಾಡಿಗೆ ಅಂಗಡಿಯಲ್ಲಿ ಹೆಸರು ಹೇಳಿ ಕೇಳಲು ಬಂದರೆ ಅರ್ಧ ಮರ್ಯಾದೆ ಅಲ್ಲೇ ಸಿಗುತ್ತದೆ.

*ಪಾರ್.* ಕಪ್ಪು ಡಬ್ಬಿಯೊಳಗೆ ಕಾರಿನ ಹೆಡ್‌ಲೈಟಿನಂಥ ಮುಚ್ಚಿದ ದೀಪ. ಪಾರ್ 64 ಎಂಬುದರಲ್ಲಿ 64 ಎಂದರೆ ಅಂಗುಲದ ಎಂಟನೇ ಭಾಗಗಳ ಲೆಕ್ಕದಲ್ಲಿ ಅದರ ವ್ಯಾಸ, ಅಂದರೆ 8 ಅಂಗುಲ. ಅಗ್ಗ, ಗಟ್ಟಿ, ಪ್ರಖರ. ಬೆಳಕು ದುಂಡಗಿರದೆ ಉದ್ದುದ್ದಕ್ಕೆ ಮೊಟ್ಟೆಯಾಕಾರದಲ್ಲಿ ಬೀಳುತ್ತದೆ. ಹಿಂಬದಿಯಿಂದ ದೀಪವನ್ನು ತಿರುಗಿಸಿದರೆ ಅಡ್ಡ ಇದ್ದದ್ದು ಉದ್ದ ಆಗುತ್ತದೆ. ಇದು ಗೊತ್ತಿಲ್ಲದೆ ಅನೇಕರು ಡಬ್ಬಿಯನ್ನೇ ಒದ್ದಾಡಿಸುತ್ತಿರುತ್ತಾರೆ. ಸಿಪಿ 60, 61, 62 ಎಂಬ ಗುರುತಿನ ದೀಪಗಳಲ್ಲಿ 60 ಕಿರಿದು, 62 ಅಗಲ. ಊರಿನ ವೇದಿಕೆಗೆ 62 ಕೇಳಿ.

*ಫ್ರೆನೆಲ್.* ಮುಂದಿನ ಗಾಜಿನಲ್ಲಿ ಬಳೆಬಳೆಯಾದ ಮೆಟ್ಟಿಲುಗಳಿರುತ್ತವೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಕಡಲದಂಡೆಯ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರ ಇದು. ಒಳಗಿನ ದೀಪವನ್ನು ಮಸೂರದ ಹತ್ತಿರ ತಂದರೆ ಬೆಳಕು ಹರಡುತ್ತದೆ, ಹಿಂದೆ ಸರಿಸಿದರೆ ಕಿರಿದಾಗುತ್ತದೆ. ಅಂಚು ಮೃದು. ಆದ್ದರಿಂದ ಒಂದರ ಬೆಳಕು ಇನ್ನೊಂದರ ಜೊತೆ ಗೆರೆ ಕಾಣದಂತೆ ಬೆರೆಯುತ್ತದೆ. ಮುಖಕ್ಕೆ ಬೆಳಕು ಕೊಡಲು ನನ್ನ ಮೊದಲ ಆಯ್ಕೆ ಇದೇ. ಮುಂದೆ ರೆಕ್ಕೆಗಳಂತಿರುವ ನಾಲ್ಕು ತಗಡುಗಳು 'ಬಾರ್ನ್‌ಡೋರ್'. ಬೇಡದ ಕಡೆ ಚೆಲ್ಲುವ ಬೆಳಕನ್ನು ತಡೆಯಲು ಅವು ಬೇಕು.

*ಪ್ರೊಫೈಲ್.* ಉದ್ದ ಮೂತಿಯ ದೀಪ. ಅಂಚನ್ನು ಕತ್ತರಿಸಿದಷ್ಟು ಚೂಪು ಮಾಡಬಹುದು. ನಾಲ್ಕು ಶಟರ್‌ಗಳಿಂದ ಬಾಗಿಲಿನಷ್ಟೇ ಜಾಗ, ಕುರ್ಚಿಯಷ್ಟೇ ಜಾಗ ಎಂದು ಚೌಕ ಕತ್ತರಿಸಬಹುದು. ಒಳಗೆ ಬಿಂಬ ತಲೆಕೆಳಗಾಗುವುದರಿಂದ ಮೇಲಿನ ಶಟರ್ ಒತ್ತಿದರೆ ಕೆಳಗಿನ ಬೆಳಕು ಕತ್ತರಿಸುತ್ತದೆ. ಕಿಟಕಿಯ ಸರಳು, ಎಲೆಗಳ ನೆರಳು ಬೀಳಿಸುವ 'ಗೋಬೋ' ಎಂಬ ಲೋಹದ ತಟ್ಟೆಯನ್ನೂ ಇದೇ ಕಾರಣಕ್ಕೆ ತಲೆಕೆಳಗಾಗಿ ಇಡಬೇಕು. ಮೈಮೇಲೆ 19, 26, 36 ಎಂದು ಡಿಗ್ರಿ ಬರೆದಿರುತ್ತದೆ. 6 ಮೀಟರ್ ದೂರದಲ್ಲಿ 19 ಡಿಗ್ರಿಯದು ಸುಮಾರು 2 ಮೀಟರ್ ಅಗಲದ ವೃತ್ತ ಕೊಟ್ಟರೆ 36 ಡಿಗ್ರಿಯದು ಸುಮಾರು 4 ಮೀಟರ್ ಕೊಡುತ್ತದೆ. ಬಾಡಿಗೆ ದುಬಾರಿ, ಎರಡು ಸಿಕ್ಕರೆ ಧಾರಾಳ.

*ಎಲ್‌ಇಡಿ ಪಾರ್.* ಮದುವೆಗಳಲ್ಲಿ ಕಾಣುವ, 54 ಚಿಕ್ಕ ಎಲ್‌ಇಡಿಗಳಿರುವ ತಟ್ಟೆ. ಬಿಸಿಯಾಗುವುದಿಲ್ಲ, ಕರೆಂಟು ಕಡಿಮೆ, ಬಣ್ಣ ಗುಂಡಿ ಒತ್ತಿದರೆ ಬದಲಾಗುತ್ತದೆ. ಆದರೆ ಕೆಂಪು, ಹಸಿರು, ನೀಲಿ ಮಾತ್ರ ಬೆರೆಸಿ ಮಾಡಿದ 'ಬಿಳಿ'ಯಲ್ಲಿ ನಮ್ಮ ಮೈಬಣ್ಣ ರೋಗಿಯದ್ದರಂತೆ ಕಾಣುತ್ತದೆ. ಇವನ್ನು ಹಿಂದಿನ ಪರದೆಗೆ, ಹಿಂಬೆಳಕಿಗೆ ಇಟ್ಟುಕೊಳ್ಳಿ. ಮುಖಕ್ಕೆ ಹ್ಯಾಲೊಜೆನ್, ಅಥವಾ ಬೆಚ್ಚನೆ ಬಿಳಿಯ ಎಲ್‌ಇಡಿ ಬೇರೆಯಾಗಿಯೇ ಇರುವ ದೀಪ.

ಹಿಂದಿನ ಪರದೆಯನ್ನು, ಅಂದರೆ ಸೈಕ್ಲೋರಾಮವನ್ನು ತುಂಬಲು ಫ್ಲಡ್ ಎಂಬ ಅಗಲ ದೀಪಗಳಿವೆ. ನಟನ ಹಿಂದೆ ಓಡುವ ಫಾಲೋ ಸ್ಪಾಟ್ ನಾಟಕಕ್ಕೆ ಅಪರೂಪಕ್ಕೂ ಬೇಕಾಗುವುದಿಲ್ಲ. ಹೊಗೆ ಯಂತ್ರ ಮತ್ತು ಪಟಪಟನೆ ಮಿನುಗುವ ಸ್ಟ್ರೋಬ್ ದೀಪ 'ಉಚಿತವಾಗಿ ಕೊಡುತ್ತೇವೆ' ಎಂದರೆ ವಿನಯದಿಂದ ಬೇಡ ಎನ್ನಿ.

ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಗಾಜು ಒಡೆಯುತ್ತದೆ. ಬಟ್ಟೆಯಲ್ಲಿ ಹಿಡಿದು ಹಾಕಿ.

ಎಲ್ಲಿಂದ ಬೆಳಗಬೇಕು

ಕೋನವೇ ಮುಖ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ಪ್ರಕಟಿಸಿದ ವಿಧಾನವನ್ನು ಇಂದಿಗೂ ಆರಂಭಿಕರಿಗೆ ಕಲಿಸುತ್ತಾರೆ: ವೇದಿಕೆಯನ್ನು ತುಂಡು ತುಂಡಾಗಿ ಭಾಗಿಸಿ, ಪ್ರತಿ ತುಂಡಿಗೂ ಎಡದಿಂದ ಒಂದು, ಬಲದಿಂದ ಒಂದು ದೀಪ, ಎರಡೂ 45 ಡಿಗ್ರಿ ಮೇಲಿನಿಂದ, ಒಂದು ಬೆಚ್ಚನೆ ಬಣ್ಣ, ಇನ್ನೊಂದು ತಣ್ಣನೆಯದು. ನಮ್ಮ 24 ಅಡಿಯ ವೇದಿಕೆಯನ್ನು ಅಡ್ಡಕ್ಕೆ ಮೂರು, ಆಳಕ್ಕೆ ಎರಡು ಎಂದು ಭಾಗಿಸಿದರೆ ಆರು ತುಂಡು, ಅಂದರೆ ಹನ್ನೆರಡು ದೀಪ. ಎಲ್ಲವೂ ಅಲ್ಲಿಗೇ ಮುಗಿದುಹೋಯಿತು.

ಆದ್ದರಿಂದ ನಿಮ್ಮ ಚುಕ್ಕಿಗಳ ನಕ್ಷೆಗೆ ಮರಳಿ. ಮುಂದಿನ ಮೂರು ತುಂಡುಗಳಲ್ಲಿ ಚುಕ್ಕಿ ದಟ್ಟವಾಗಿದ್ದರೆ ಅವಕ್ಕೆ ಆರು ದೀಪ. ಹಿಂದಿನ ಸಾಲಿಗೆ ಎರಡೇ ದೀಪ, ಅಗಲವಾಗಿ ಹರಡಿ. ಹಿಂದಿನಿಂದ ನಟರ ತಲೆ, ಭುಜದ ಮೇಲೆ ಬೀಳುವ ಹಿಂಬೆಳಕಿಗೆ ಎರಡು. ಉಳಿದ ಎರಡು 'ಸ್ಪೆಷಲ್', ಅಂದರೆ ಒಂದೇ ಜಾಗಕ್ಕೆ, ಒಂದೇ ಗಳಿಗೆಗೆ ಮೀಸಲಾದವು. ಹಿಂಬೆಳಕನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ. ಕಪ್ಪು ಕೂದಲಿನ, ಕಡುಬಣ್ಣದ ಸೀರೆಯ ನಟಿ ಕಪ್ಪು ಪರದೆಯ ಮುಂದೆ ನಿಂತಾಗ ಅವಳನ್ನು ಪರದೆಯಿಂದ ಬಿಡಿಸಿ ತೋರಿಸುವುದು ಅದೊಂದೇ.

ಬಾರ್ ವೇದಿಕೆಯಿಂದ 12 ಅಡಿ ಮೇಲಿದ್ದರೆ ಮುಖಕ್ಕಿಂತ 7 ಅಡಿ ಮೇಲೆ. 45 ಡಿಗ್ರಿ ಬೇಕಾದರೆ ಅದು ನಟನಿಂದ 7 ಅಡಿ ಮುಂದಿರಬೇಕು. ಹತ್ತಿರ ಬಂದಷ್ಟೂ ಬೆಳಕು ಕಡಿದಾಗಿ ಕಣ್ಣುಗಳು ಗುಳಿಗಳಾಗುತ್ತವೆ. ಮುಂಡಾಸು, ಕಿರೀಟ ತೊಟ್ಟ ಪಾತ್ರಗಳಿದ್ದರೆ ಇನ್ನಷ್ಟು ತಗ್ಗಿನ ದೀಪವೊಂದು ಬೇಕು, ಇಲ್ಲದಿದ್ದರೆ ರಾಜನ ಗಲ್ಲ ಮಾತ್ರ ಕಾಣುತ್ತದೆ. ಕಂಪನಿ ನಾಟಕಗಳಲ್ಲಿ ವೇದಿಕೆಯ ಅಂಚಿನಲ್ಲಿ ಸಾಲಾಗಿರುತ್ತಿದ್ದ ಫುಟ್‌ಲೈಟ್ ಈ ಕೆಲಸವನ್ನೂ ಮಾಡುತ್ತಿತ್ತು. ಯಕ್ಷಗಾನದ ಬಣ್ಣದ ವೇಷಗಳ ಆ ದಪ್ಪ ಗೆರೆಗಳೂ ದೊಂದಿ, ಪೆಟ್ರೋಮ್ಯಾಕ್ಸ್‌ಗಳ ಓಲಾಡುವ ಬೆಳಕಿನಲ್ಲಿ ನೋಡಲು ಹೇಳಿ ಮಾಡಿಸಿದಂಥವು. ಇಂದಿನ ಟ್ಯೂಬ್‌ಲೈಟಿನ ಚಪ್ಪಟೆ ಬೆಳಕಿನಲ್ಲಿ ಅವುಗಳ ಭಯಂಕರತೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ನನ್ನ ದೂರು.

ಬಣ್ಣ

ಈಗ ಬಣ್ಣಕ್ಕೆ ಬರಬಹುದು. ದೀಪದ ಮುಂದೆ ಚೌಕಟ್ಟಿನಲ್ಲಿ ಸಿಕ್ಕಿಸುವ ಹಾಳೆಯನ್ನು ನಮ್ಮಲ್ಲಿ ಜಿಲೆಟಿನ್ ಎನ್ನುತ್ತಾರೆ. ಇದು ಬೆಳಕಿಗೆ ಬಣ್ಣ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ಕಳೆಯುತ್ತದೆ. ಹಾಗಾಗಿ ಕಡು ನೀಲಿ ಹಾಕಿದ ಕೂಡಲೇ ವೇದಿಕೆ ಕತ್ತಲಾಗುತ್ತದೆ, ಕೆಂಪು ಸೀರೆ ಕಪ್ಪಾಗುತ್ತದೆ. ಈ ಹಾಳೆ ತಯಾರಿಸುವ ಲೀ ಕಂಪನಿಯ ಬಣ್ಣದ ಸಂಖ್ಯೆಗಳು ಎಲ್ಲ ಕಡೆ ನಡೆಯುತ್ತವೆ. ಕಂದು ಮೈಬಣ್ಣಕ್ಕೆ 103 ಎಂಬ ಒಣಹುಲ್ಲಿನ ಹಳದಿ, 152 ಎಂಬ ತಿಳಿ ಚಿನ್ನದ ಬಣ್ಣ ಒಪ್ಪುತ್ತವೆ. ರಾತ್ರಿಗೆ ಎದುರಿನಿಂದ 117ರಂಥ ತಿಳಿ ನೀಲಿ, ಹಿಂದಿನಿಂದ ಮಾತ್ರ 119ರ ಕಡು ನೀಲಿ. ಮುಖಕ್ಕೆ ಹಸಿರು ಬೇಡ, ಎಲ್ಲರೂ ಬೂದಿ ಬಳಿದಂತೆ ಕಾಣುತ್ತಾರೆ. ಸ್ಟೇಷನರಿ ಅಂಗಡಿಯ ಬಣ್ಣದ ಗಾಜುಕಾಗದವನ್ನು ಹ್ಯಾಲೊಜೆನ್ ಮುಂದೆ ಇಡುವುದಂತೂ ಬೆಂಕಿಗೆ ಆಹ್ವಾನ.

ಏರಿಸುವುದು, ಗುರಿ ಹಿಡಿಸುವುದು

ಏಣಿ ಹತ್ತುವವನ ಜೇಬು ಖಾಲಿಯಿರಲಿ, ಸ್ಪ್ಯಾನರ್ ಮಣಿಕಟ್ಟಿಗೆ ದಾರದಲ್ಲಿ ಕಟ್ಟಿರಲಿ, ಏಣಿಯನ್ನು ಇನ್ನೊಬ್ಬ ಹಿಡಿದಿರಲಿ. ಪ್ರತಿ ದೀಪಕ್ಕೂ ಕೊಕ್ಕೆಯ ಜೊತೆಗೆ ಸುರಕ್ಷತಾ ಸರಪಳಿ ಇರಲೇಬೇಕು. ಅಂಗಡಿಯವರು ಕೊಡದಿದ್ದರೆ ಉಕ್ಕಿನ ತಂತಿಯ ಕೇಬಲ್ಲನ್ನಾದರೂ ತನ್ನಿ.

ಡಿಮ್ಮರ್ ಎಂದರೆ ದೀಪದ ಪ್ರಮಾಣ ಏರಿಳಿಸುವ ಪೆಟ್ಟಿಗೆ. ಅದರ ಚಾನೆಲ್ಲಿಗೆ ಹ್ಯಾಲೊಜೆನ್ ಮಾತ್ರ ಸಿಕ್ಕಿಸಿ. ಎಲ್‌ಇಡಿ, ಫ್ಯಾನ್, ಹೊಗೆ ಯಂತ್ರ ಸಿಕ್ಕಿಸಿದರೆ ಅವು ಕೆಡುತ್ತವೆ. ಅವಕ್ಕೆ ನೇರ ಕರೆಂಟು ಬೇಕು. ನಿಯಂತ್ರಣ ಫಲಕದಿಂದ ಡಿಮ್ಮರಿಗೂ ಎಲ್‌ಇಡಿಗಳಿಗೂ ಆಜ್ಞೆ ಹೋಗುವುದು ಡಿಎಂಎಕ್ಸ್ ತಂತಿಯಲ್ಲಿ. ಒಂದು ಸಾಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರವರೆಗೆ ಬೆಲೆ. ಎಲ್‌ಇಡಿಯೊಂದು 7 ಚಾನೆಲ್ ಬಳಸಿದರೆ ಮೊದಲನೆಯದಕ್ಕೆ ವಿಳಾಸ (ಅದರ ಮೊದಲ ಚಾನೆಲ್ಲಿನ ಸಂಖ್ಯೆ) 1, ಎರಡನೆಯದಕ್ಕೆ 8, ಮೂರನೆಯದಕ್ಕೆ 15. ಎರಡು ದೀಪಗಳು ಹೇಳದೆ ಕೇಳದೆ ಒಟ್ಟಿಗೆ ಬಣ್ಣ ಬದಲಿಸಿದರೆ ವಿಳಾಸ ಒಂದೇ ಆಗಿದೆ ಎಂದರ್ಥ. ಕಾರಣವಿಲ್ಲದೆ ಮಿಣುಕಿದರೆ ಮೈಕಿನ ತಂತಿಯನ್ನು ಬಳಸಿದ್ದೀರೋ, ಕೊನೆಯ ದೀಪಕ್ಕೆ ತಂತಿಯ ಸಾಲನ್ನು ಕೊನೆಗೊಳಿಸುವ 120 ಓಮ್‌ನ ಟರ್ಮಿನೇಟರ್ ಹಾಕಿಲ್ಲವೋ ನೋಡಿ.

ಗುರಿ ಹಿಡಿಸುವಾಗ, ಅಂದರೆ ಫೋಕಸ್ ಮಾಡುವಾಗ, ಸಭಾಂಗಣ ಕತ್ತಲಿರಬೇಕು, ಒಂದು ಸಲಕ್ಕೆ ಒಂದೇ ದೀಪ ಉರಿಯಬೇಕು. ರಂಗಸಜ್ಜಿಕೆಯವರು ಮೊಳೆ ಹೊಡೆಯಲು ಬೆಳಕು ಕೇಳುತ್ತಾರೆ. ಅವರಿಗೆ ಊಟದ ಸಮಯ ಕೊಡಿಸಿ. ನಟನ ಎತ್ತರದ ಒಬ್ಬರನ್ನು ನಕ್ಷೆಯ ಜಾಗದಲ್ಲಿ ನಿಲ್ಲಿಸಿ. ಬೆಳಕಿನ ಅತಿ ಪ್ರಖರ ಭಾಗ ಅವರ ಮುಖಕ್ಕೆ ಬೀಳಬೇಕು, ಕಾಲ ಬಳಿಯ ನೆಲಕ್ಕಲ್ಲ. ಆಮೇಲೆ ಅವರನ್ನು ನಿಧಾನವಾಗಿ ಪಕ್ಕದ ತುಂಡಿಗೆ ನಡೆಸಿ. ನಡುವೆ ಮುಖ ಮಂಕಾದರೆ ಎರಡು ದೀಪಗಳನ್ನೂ ಹತ್ತಿರ ಸರಿಸಿ.

ಕ್ಯೂ ಹಾಳೆ

ಬೆಳಕಿನ ಪ್ರತಿ ಬದಲಾವಣೆಯೂ ಒಂದು 'ಕ್ಯೂ'. ಒಂದು ದೃಶ್ಯ ತೆಗೆದುಕೊಳ್ಳೋಣ: ಹಳ್ಳಿಮನೆಯ ಜಗಲಿ, ಇಳಿಹೊತ್ತು. ತಾಯಿ ಲಾಟೀನು ಹಚ್ಚುತ್ತಾಳೆ, ಮಗ ಬರುತ್ತಾನೆ, ಮಾತು ಮುಗಿದ ಮೇಲೆ ಅವಳು ದೀಪ ಆರಿಸುತ್ತಾಳೆ.

ಕ್ಯೂ 1: ಪರದೆ ಏಳುವಾಗ. ಎಡ ವಿಂಗಿನಿಂದ 103 ಹಾಕಿದ ಬದಿಬೆಳಕು ಶೇಕಡಾ 80, ಎದುರು ಶೇಕಡಾ 50.
ಕ್ಯೂ 2: ತಾಯಿ ಕುಳಿತ ಕೂಡಲೇ ಶುರು, 180 ಸೆಕೆಂಡ್. ಬದಿ 20ಕ್ಕೆ, ಎದುರು 30ಕ್ಕೆ, ಹಿಂದಿನ ನೀಲಿ 40ಕ್ಕೆ.
ಕ್ಯೂ 3: ಲಾಟೀನು. ಸ್ಪೆಷಲ್ 35ಕ್ಕೆ, 2 ಸೆಕೆಂಡ್.
ಕ್ಯೂ 4: ಮಗನ ನೆರಳು ಬಾಗಿಲಲ್ಲಿ. ಬಾಗಿಲ ಪ್ರೊಫೈಲ್ 45ಕ್ಕೆ, 1 ಸೆಕೆಂಡ್.
ಕ್ಯೂ 5: ಲಾಟೀನು ಆರಿದಾಗ. ಸ್ಪೆಷಲ್, ಬಾಗಿಲು, ಎದುರು ತಕ್ಷಣ ಸೊನ್ನೆ, ನೀಲಿ 25.
ಕ್ಯೂ 6: 6 ಸೆಕೆಂಡಿನಲ್ಲಿ ಪೂರ್ತಿ ಕತ್ತಲು.

ಎರಡನೆಯ ಕ್ಯೂ ಯಾರ ಗಮನಕ್ಕೂ ಬರಬಾರದು, ಅದಕ್ಕೇ ಮೂರು ನಿಮಿಷ. ಮೂರನೆಯದು ಎಲ್ಲಕ್ಕಿಂತ ನಾಜೂಕು. ನಟಿ ಕಡ್ಡಿ ಗೀರುತ್ತಾಳೆ, ಬತ್ತಿಗೆ ತಾಗಿಸುತ್ತಾಳೆ, ಗಾಜು ಇಳಿಸುತ್ತಾಳೆ. ಸ್ಪೆಷಲ್ ಏರಬೇಕಾದದ್ದು ಬತ್ತಿ ಹೊತ್ತಿದ ಮೇಲೆ, ಅವಳ ಕೈ ಹಿಂದೆ ಸರಿಯುವಾಗ. ಅರೆಗಳಿಗೆ ಮುಂಚೆ ಏರಿದರೆ ಪ್ರೇಕ್ಷಕರು ನಗುತ್ತಾರೆ, ಕೊಂಚ ತಡವಾದರೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮ ಕಣ್ಣು ಫಲಕದ ಮೇಲಲ್ಲ, ಅವಳ ಬೆರಳುಗಳ ಮೇಲಿರಬೇಕು. ಈ ಸ್ಪೆಷಲ್‌ಗೆ ಜಿಲೆಟಿನ್ ಬೇಡ: ಹ್ಯಾಲೊಜೆನ್ ಮೂರನೇ ಒಂದು ಭಾಗಕ್ಕೆ ಇಳಿದಾಗ ತಾನಾಗಿಯೇ ಲಾಟೀನಿನ ಕೆಂಬಣ್ಣಕ್ಕೆ ತಿರುಗುತ್ತದೆ. ಎಲ್‌ಇಡಿಗೆ ಈ ಗುಣವಿಲ್ಲ.

ಸಂಜೆಯ ಹೊತ್ತಿಗೆ ಮಾತು ಬಿಟ್ಟು ಕ್ಯೂನಿಂದ ಕ್ಯೂಗೆ ಹಾರುವ ತಾಲೀಮು ಒಂದು ಸಲವಾದರೂ ಆಗಲಿ. ಇದು ನಟರಿಗೆ ಬೇಸರ, ಮುಂಚೆಯೇ ಹೇಳಿಡಿ. ಬಿಡುವಿದ್ದಾಗ ಹೆಗ್ಗೋಡಿನ ನೀನಾಸಂನ 'ತಿರುಗಾಟ' ನಿಮ್ಮ ಊರಿಗೆ ಬಂದರೆ ಬೆಳಿಗ್ಗೆಯೇ ಹೋಗಿ ನೋಡಿ. 1985ರಿಂದ ಊರೂರು ಸುತ್ತುತ್ತಿರುವ ತಂಡ ಗುರುತಿಲ್ಲದ ವೇದಿಕೆಯಲ್ಲಿ ಸಂಜೆಯೊಳಗೆ ಬೆಳಕು ಕಟ್ಟುವುದನ್ನು ನೋಡುವುದೇ ಒಂದು ಪಾಠ.

ಪ್ರದರ್ಶನದ ಸಂಜೆ

ಬಾಗಿಲು ತೆರೆಯುವ ಮುನ್ನ ಒಂದೊಂದೇ ದೀಪ ಹಚ್ಚಿ ಎಲ್ಲವೂ ಉರಿಯುತ್ತಿವೆಯೇ ನೋಡಿ. ಕತ್ತಲಲ್ಲಿ ನಟರು ಎಡವುವ ಮೆಟ್ಟಿಲು, ಮಂಚದ ಅಂಚುಗಳಿಗೆ ಕತ್ತಲಲ್ಲಿ ಹೊಳೆಯುವ ಟೇಪಿನ ಚೂರು ಅಂಟಿಸಿ. ಫ್ಯಾನು ಮತ್ತು ಸಭಾಂಗಣದ ದೀಪಗಳ ಸ್ವಿಚ್ ಯಾರ ಬಳಿಯಿದೆ ಎಂದು ಹೆಸರು ಹಿಡಿದು ತಿಳಿದುಕೊಳ್ಳಿ. ಹೊರಹೋಗುವ ಬಾಗಿಲಿನ ದೀಪಗಳನ್ನು ಮಾತ್ರ ಆರಿಸಬೇಡಿ.

ನಾಟಕಕ್ಕೆ ಮುಂಚೆ ದೀಪ ಬೆಳಗುವುದು, ಸನ್ಮಾನ, ಅಧ್ಯಕ್ಷರ ಮಾತು ಇದ್ದೇ ಇರುತ್ತದೆ. ಫೋಟೋದವರು "ಎಲ್ಲ ಲೈಟ್ ಹಾಕಿ" ಎಂದು ಕೂಗುತ್ತಾರೆ. ಅದಕ್ಕೆಂದೇ ಸಭೆಯದ್ದೊಂದು ಕ್ಯೂ ಬೇರೆಯಾಗಿ ಮಾಡಿಟ್ಟುಕೊಳ್ಳಿ: ಎದುರಿನ ದೀಪಗಳೆಲ್ಲ 70, ಸ್ಪೆಷಲ್‌ಗಳು ಸೊನ್ನೆ. ಕುರ್ಚಿಗಳನ್ನು ಎಳೆದಾಡುವಾಗ ಸ್ಟ್ಯಾಂಡಿಗೆ ತಾಗಿಸದಂತೆ ಒಬ್ಬರನ್ನು ಅಲ್ಲಿ ನಿಲ್ಲಿಸಿ, ಸಭೆ ಮುಗಿದ ಮೇಲೆ ಮುಂದಿನ ದೀಪಗಳ ಗುರಿ ಅಲುಗಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮೊದಲ ಕ್ಯೂಗೆ ಹೋಗಿ.

ನಾಟಕ ಮುಗಿದ ಮೇಲೆ ಬಿಸಿ ದೀಪಗಳನ್ನು ಇಳಿಸಲು ಅವಸರ ಬೇಡ. ಉರಿದು ಆರಿದ ಫಿಲಮೆಂಟು ಅಲುಗಾಟಕ್ಕೆ ತುಂಡಾಗುತ್ತದೆ, ಕೈಯೂ ಸುಡುತ್ತದೆ. ಅದು ತಣಿಯುವಷ್ಟರಲ್ಲಿ ನೆಲದ ಕೇಬಲ್ಲುಗಳನ್ನು ಸುತ್ತಿ. ಬಾಡಿಗೆ ಚೀಟಿ ಹಿಡಿದು ದೀಪ, ಕೊಕ್ಕೆ, ಸರಪಳಿ, ಜಿಲೆಟಿನ್ ಚೌಕಟ್ಟು ಎಣಿಸಿ. ಕಳೆದುಹೋಗುವುದು ಯಾವಾಗಲೂ ಚೌಕಟ್ಟೇ. ದೀಪದಿಂದ ತೆಗೆದ ಕೂಡಲೇ ಒಂದು ಪೆಟ್ಟಿಗೆಗೆ ಹಾಕಿ.